ಮಳೆನಕ್ಷತ್ರಗಳನ್ನು ಆಕಾಶದಲ್ಲಿ ಗುರುತಿಸುವ ಬಗೆ

ರೋಹಿಣಿ, ಮಿರಗ (ಮೃಗಶಿರ), ಆರಿದ್ರಾ ಎಂಬ ಹೆಸರುಗಳು ಧಾರವಾಡ, ಗದಗ, ಹಾವೇರಿ ಕಡೆಯ ರೈತರ ಬಾಯಲ್ಲಿ ಸದಾ ಇರುತ್ತವೆ. ಆ ನಕ್ಷತ್ರಗಳನ್ನು ಬೆರಳಿಟ್ಟು ತೋರಿಸಬಲ್ಲವರು ಮಾತ್ರ ಕಡಿಮೆ. ಸೂರ್ಯನಿರುವ ನಕ್ಷತ್ರದ ಹೆಸರಿನಿಂದಲೇ ಮಳೆಯನ್ನು ಕರೆಯುವುದರಿಂದ, ಮಿರಗದ ಮಳೆಗೆ ಕಾಯುವ ಜೂನ್ ತಿಂಗಳಲ್ಲಿ ಮೃಗಶಿರ ನಕ್ಷತ್ರವು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದದ್ದು ಹೊಲದಲ್ಲಿ ಜೋಳ, ಕಡಲೆ ನಿಂತಿರುವ ಚಳಿಗಾಲದಲ್ಲಿ.

ಜನವರಿಯ ಕೊನೆಗೆ ಅಥವಾ ಫೆಬ್ರವರಿಯ ಮೊದಲಿಗೆ, ಚಂದ್ರನಿಲ್ಲದ ರಾತ್ರಿ 9ರ ಹೊತ್ತಿಗೆ ಹುಬ್ಬಳ್ಳಿಯ ದೀಪಗಳಿಂದ ದೂರ, ಅಣ್ಣಿಗೇರಿ ಅಥವಾ ನವಲಗುಂದದ ಕಡೆಯ ಬಯಲು ಎರೆಹೊಲಕ್ಕೆ ಹೋಗಬೇಕು. ಕಣ್ಣು ಕತ್ತಲೆಗೆ ಹೊಂದಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಮೊಬೈಲ್ ತೆಗೆಯಬಾರದು, ಬ್ಯಾಟರಿಯ ಮುಖಕ್ಕೆ ಕೆಂಪು ಬಟ್ಟೆ ಕಟ್ಟಿರಬೇಕು. ಬದುವಿನ ಮೇಲೆ ಕಂಬಳಿ ಹಾಸಿ, ಕಾಲನ್ನು ದಕ್ಷಿಣಕ್ಕೆ ಚಾಚಿ ಮಲಗುವುದು ಉತ್ತಮ. ಉತ್ತರಕ್ಕೆ ತಲೆ ಮಾಡಬಾರದೆಂಬುದು ಹಿರಿಯರ ಮಾತಾದರೂ, ನೋಡಬೇಕಾದದ್ದು ಬಹುಪಾಲು ನೆತ್ತಿಯಿಂದ ದಕ್ಷಿಣಕ್ಕೇ ಇರುವುದರಿಂದ ಹೀಗೆ ಮಲಗಿದರೆ ಕುತ್ತಿಗೆ ನೋಯುವುದಿಲ್ಲ.

ನೆತ್ತಿಗೆ ತುಸು ದಕ್ಷಿಣದಲ್ಲಿ ಸಾಲಾಗಿ, ಸಮ ಅಂತರದಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಇದು ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ (ಒರಾಯನ್) ನಡುಪಟ್ಟಿ. ಅದರ ಉತ್ತರಕ್ಕೆ ಕೆಂಪಗೆ ಹೊಳೆಯುವುದೇ ಆರಿದ್ರಾ. ಆರಿದ್ರಾದ ಪಕ್ಕದಲ್ಲಿ, ತುಸು ಮೇಲಕ್ಕೆ, ಒತ್ತಾಗಿ ಕುಳಿತ ಮೂರು ಮಂಕು ಚುಕ್ಕೆಗಳೇ ಮೃಗಶಿರ. ಹೆಸರು ದೊಡ್ಡದು, ಚುಕ್ಕೆಗಳು ಸಣ್ಣವು. ಆದ್ದರಿಂದ ಇಲ್ಲಿ ಅವಸರ ಮಾಡಬಾರದು. ನಡುಪಟ್ಟಿಯ ಗೆರೆಯನ್ನು ವಾಯವ್ಯಕ್ಕೆ ಎಳೆದರೆ, ಚಾಚಿದ ಕೈಯ ಎರಡು ಮುಷ್ಟಿಯಷ್ಟು ದೂರದಲ್ಲಿ ಕಿತ್ತಳೆ ಬಣ್ಣದ ರೋಹಿಣಿ, ಅದರಾಚೆ ಗೊಂಚಲಿನಂತಹ ಕೃತ್ತಿಕೆ ಸಿಗುತ್ತವೆ. ಅದೇ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ, ರಾತ್ರಿಯ ಆಕಾಶದಲ್ಲೇ ಅತಿ ಪ್ರಕಾಶಮಾನವಾದ ನಕ್ಷತ್ರ ಲುಬ್ಧಕ ಸಿಗುತ್ತದೆ. ಲುಬ್ಧಕದ ಕೆಳಗೆ, ದಕ್ಷಿಣ ದಿಗಂತದಿಂದ ಎರಡು ಮುಷ್ಟಿ ಎತ್ತರದಲ್ಲಿ ಕಾಣುವುದು ಅಗಸ್ತ್ಯ. ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕೆಯಿದ್ದರೆ ಅದು ಬಹುಮಟ್ಟಿಗೆ ಗ್ರಹವೆಂದು ತಿಳಿಯಬೇಕು.

ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಮೂಡುತ್ತವೆ, ಅಂದರೆ ತಿಂಗಳಿಗೆ 2 ಗಂಟೆ. ಹೀಗಾಗಿ ಏಪ್ರಿಲ್ ಕೊನೆಗೆ ಅದೇ ಹೊತ್ತಿನಲ್ಲಿ ವ್ಯಾಧನು ಪಶ್ಚಿಮಕ್ಕೆ ಇಳಿದು, ಉತ್ತರದಲ್ಲಿ ಸಪ್ತರ್ಷಿ ಮಂಡಲ ಏರಿರುತ್ತದೆ. ಅದರ ಬಾಲದ ತುದಿಗೆ ವಿರುದ್ಧ ದಿಕ್ಕಿನಲ್ಲಿರುವ ಕೊನೆಯ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಕೆಳಗಡೆ ಐದು ಪಟ್ಟು ಚಾಚಿದರೆ ಧ್ರುವ ನಕ್ಷತ್ರ ಸಿಗುತ್ತದೆ. ನಮ್ಮ ಅಕ್ಷಾಂಶ ಸುಮಾರು 15 ಡಿಗ್ರಿ ಆಗಿರುವುದರಿಂದ ಅದು ದಿಗಂತದಿಂದ ಅಷ್ಟೇ ಡಿಗ್ರಿ, ಅಂದರೆ ಒಂದೂವರೆ ಮುಷ್ಟಿಯಷ್ಟೇ ಮೇಲಿರುತ್ತದೆ, ಬೇಸಿಗೆಯ ಧೂಳಿನಲ್ಲಿ ಮರೆಯಾಗಲೂಬಹುದು. ಅಡ್ಡಮಳೆ ಬಿದ್ದು ಧೂಳು ಅಡಗಿದ ಮರುದಿನ ನೋಡಿದರೆ ಸುಲಭವಾಗಿ ಕಾಣುತ್ತದೆ.