139 ಮೀಟರಿನ ಗೋಪುರವನ್ನು 139 ಸೆಂಟಿಮೀಟರಿನಲ್ಲಿ ಕಟ್ಟಿದ್ದು

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ನಾನು, ಕೆಲಸ ಕಲಿಯಲು ಬರುವ ಐಟಿಐ ಹುಡುಗರಿಗೆ ಅಕ್ಯುಮುಲೇಟರಿನ, ಅಂದರೆ ಒತ್ತಡವನ್ನು ಕೂಡಿಟ್ಟು ಒಮ್ಮೆಲೇ ಬಿಡುವ ಟ್ಯಾಂಕಿನ, ಕೆಲಸವನ್ನು ವಿವರಿಸುವಾಗಲೆಲ್ಲ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಕಿಂಗ್ಡಾ ಕಾ ರೋಲರ್ ಕೋಸ್ಟರಿನ ಉದಾಹರಣೆಯನ್ನೇ ಕೊಡುತ್ತ ಬಂದಿದ್ದೇನೆ. 2005ರ ಮೇ ತಿಂಗಳಲ್ಲಿ ಆರಂಭವಾದ ಅದರ ಉಕ್ಕಿನ ಹಳಿ 139 ಮೀಟರ್ ಎತ್ತರಕ್ಕೆ ಏರುತ್ತಿತ್ತು. ಪಂಪುಗಳು ನಿಧಾನವಾಗಿ ತುಂಬಿದ ಎಣ್ಣೆ ಅಕ್ಯುಮುಲೇಟರಿನೊಳಗಿನ ನೈಟ್ರೋಜನ್ನನ್ನು ಅದುಮಿಡುತ್ತಿತ್ತು. ವಾಲ್ವ್ ತೆರೆದೊಡನೆ ಆ ಎಣ್ಣೆ ಮೋಟಾರುಗಳಿಗೆ ನುಗ್ಗಿ, ಡ್ರಮ್ಮು ತಿರುಗಿ, ಅದಕ್ಕೆ ಸುತ್ತಿಕೊಳ್ಳುವ ಉಕ್ಕಿನ ಹಗ್ಗವು ರೈಲನ್ನು ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗಕ್ಕೆ ಎಳೆಯುತ್ತಿತ್ತು.

2025ರ ಫೆಬ್ರುವರಿ 28ರಂದು ಆ ಗೋಪುರವನ್ನು ಸ್ಫೋಟಿಸಿ ಕೆಡವಿದ ವಿಡಿಯೊ ನೋಡಿ ಮನಸ್ಸಿಗೆ ಬಹಳ ಬೇಸರವಾಯಿತು. ಆ ಯಂತ್ರದ ಕೆಲಸವನ್ನು ಹುಡುಗರು ಕಣ್ಣಾರೆ ಕಾಣಲೆಂದು, ನೂರನೇ ಒಂದರ ಅಳತೆಯಲ್ಲಿ ಅದರ ಮಾದರಿಯನ್ನು ಶೆಡ್ಡಿನಲ್ಲೇ ಕಟ್ಟಲು ನಿರ್ಧರಿಸಿದೆ.

ಹಳಿಗೆ ಉಕ್ಕಿನ ಸರಳನ್ನು ಬಗ್ಗಿಸಿಕೊಂಡೆವು. ನಮ್ಮಲ್ಲಿದ್ದ ಸಣ್ಣ ವಾಲ್ವುಗಳಲ್ಲಿ ಎಣ್ಣೆ ಅಷ್ಟು ಬೇಗ ಹರಿಯದು. ಆದ್ದರಿಂದ 6 ಬಾರ್ ಒತ್ತಡದ ಗಾಳಿಯನ್ನು ಟ್ಯಾಂಕಿನಲ್ಲಿ ತುಂಬಿಟ್ಟು, 300 ಮಿಲಿಮೀಟರ್ ಸ್ಟ್ರೋಕಿನ (ದಂಡ ಚಲಿಸುವ ದೂರದ) ಸಿಲಿಂಡರಿನ ಎಳೆತವನ್ನು ಪುಲ್ಲಿಗಳು ಮತ್ತು ತಂತಿ ಹಗ್ಗದ ಮೂಲಕ ನಾಲ್ಕು ಪಟ್ಟು ಉದ್ದವಾಗಿಸಿದೆವು. 139 ಸೆಂಟಿಮೀಟರ್ ಏರಲು ಸೆಕೆಂಡಿಗೆ ಸುಮಾರು 5.2 ಮೀಟರ್ ವೇಗ ಬೇಕು. ನಾವು ಅದಕ್ಕಿಂತ ಹೆಚ್ಚೇ ಲೆಕ್ಕ ಹಾಕಿದ್ದರೂ ನೆತ್ತಿಗೆ ಒಂದು ಗೇಣು ಬಾಕಿ ಇರುವಾಗಲೇ ಗಾಡಿ ನಿಂತು ಹಿಂದಕ್ಕೆ ಜಾರುತ್ತಿತ್ತು. ಮೂಲ ಯಂತ್ರದಲ್ಲೂ, ಬರಿಯ ಎತ್ತರದ ಲೆಕ್ಕಕ್ಕೆ ಗಂಟೆಗೆ 188 ಕಿಲೋಮೀಟರ್ ಸಾಕಾಗಿದ್ದರೂ ಉಳಿದ ವೇಗವು ಗಾಳಿಯ ತಡೆಗೂ ಘರ್ಷಣೆಗೂ ಖರ್ಚಾಗುತ್ತಿತ್ತು. ಅಲ್ಲಿಯೂ ರೈಲು ಒಮ್ಮೊಮ್ಮೆ ಹಿಂದಕ್ಕೆ ಬರುತ್ತಿತ್ತು, ಅದನ್ನು ಹಿಡಿಯಲೆಂದೇ ರೈಲು ದಾಟಿದ ಕೂಡಲೇ ಹಳಿಯ ನಡುವಿನಿಂದ ಮೇಲೇಳುವ ಅಯಸ್ಕಾಂತೀಯ ಬ್ರೇಕುಗಳನ್ನು ಅಳವಡಿಸಿದ್ದರು.

“ಸರ್, ಪ್ರೆಶರ್ ಇನ್ನಷ್ಟು ಏರಸೂಣ್ರಿ” ಎಂದ ಒಬ್ಬ ಹುಡುಗ. ನಾನು ಒಪ್ಪಲಿಲ್ಲ. ಕಿಂಗ್ಡಾ ಕಾ ಆರಂಭವಾದ ಮರುತಿಂಗಳೇ ಹಗ್ಗ ಓಡುವ ತೋಡಿನ ಒಂದು ಬೋಲ್ಟ್ ಮುರಿದು, ಒಳಹೊದಿಕೆ ಸಡಿಲವಾಗಿ ಹಗ್ಗಕ್ಕೆ ಉಜ್ಜಿದ್ದರಿಂದ, ಆಗಸ್ಟ್‌ವರೆಗೆ ಅದನ್ನು ನಿಲ್ಲಿಸಬೇಕಾಗಿ ಬಂದಿತ್ತು. ಒತ್ತಡವನ್ನು ಮುಟ್ಟುವ ಮೊದಲು ಹಗ್ಗದ ದಾರಿಯನ್ನು ನೋಡಬೇಕೆಂಬುದು ನನಗೆ ಖಚಿತವಾಗಿತ್ತು.

ಟಾರ್ಚ್ ಹಿಡಿದು ನೋಡಿದಾಗ, ಹಗ್ಗದ ಕೆಳಗಿನ ನೈಲಾನ್ ಪಟ್ಟಿಯಲ್ಲಿ ಒಂದು ಸ್ಕ್ರೂವಿನ ತಲೆ ಅರ್ಧ ಮಿಲಿಮೀಟರಿನಷ್ಟು ಎದ್ದಿತ್ತು. ಅದರ ಸುತ್ತ ತಂತಿಯ ಹೊಳೆಯುವ ಪುಡಿ ಬಿದ್ದಿತ್ತು. ರಂಧ್ರವನ್ನು ಕೌಂಟರ್‌ಸಿಂಕ್ ಮಾಡಿ, ಅಂದರೆ ಅದರ ಬಾಯಿಯನ್ನು ಅಗಲಿಸಿ, ಸ್ಕ್ರೂವನ್ನು ಒಳಗೆ ಕೂರಿಸಿ, ಹಗ್ಗವನ್ನು ಬದಲಿಸಿದೆವು. ಅದೇ 6 ಬಾರ್ ಗಾಳಿಯಲ್ಲಿ ಗಾಡಿ ನೆತ್ತಿ ದಾಟಿ ಆಚೆ ಬದಿಗೆ ಇಳಿಯಿತು.