ಐದು ಕಾಲಂಗಳಲ್ಲಿ ಗೊಲ್ಗೊಥಾ: ನನ್ನ ಅನುಭವ

ಮಂಜೇಶ್ವರದವರಿಗೆ ಯೇಸುವಿನ ಕೊನೆಯ ದಿನ ಅಂದರೆ ಬೈಬಲ್ ಜೊತೆಗೆ ಗೋವಿಂದ ಪೈಗಳೂ ನೆನಪಾಗುತ್ತಾರೆ. ಯೇಸುವನ್ನು ಶಿಲುಬೆಗೆ ಹಾಕಿದ ಜಾಗದ ಹೆಸರಿನ ಅವರ ‘ಗೊಲ್ಗೊಥಾ’ ಆ ದಿನದ ಖಂಡಕಾವ್ಯ. ಸುವಾರ್ತೆಯ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕಗಳ, ಕಥೆ ನಮ್ಮೂರಿನ ಕವಿಯ ಕೈಯಲ್ಲಿ ಏನಾಯಿತು ಅನ್ನೋದೇ ನನ್ನ ಪ್ರಬಂಧದ ವಿಷಯ.

ಆದರೆ ಕಾವ್ಯವನ್ನು ಮೊದಲು ತೆರೆಯಲಿಲ್ಲ. ಮೊದಲು ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನ ನಾಲ್ಕು ಸುವಾರ್ತೆಗಳನ್ನು ಬಿಡಿಬಿಡಿಯಾಗಿ ಓದಿದೆ. ಇದು ಸುಲಭ ಅಲ್ಲ. ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಒಟ್ಟಿಗೇ ಕೇಳಿ ಬೆಳೆದವರು ನಾವು. ಏಳೂ ಯಾವ ಒಂದು ಸುವಾರ್ತೆಯಲ್ಲೂ ಇಲ್ಲ. ಮಾರ್ಕ, ಮತ್ತಾಯರಲ್ಲಿ ಇರುವುದು ಒಂದೇ. ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆ ಮೂರು.

ಅಗಲವಾದ ಲೆಕ್ಕದ ಪುಸ್ತಕ ತಂದು ಐದು ಕಾಲಂ ಎಳೆದೆ. ಮೊದಲ ನಾಲ್ಕರಲ್ಲಿ ಶಿಲುಬೆಯ ಭಾಗವನ್ನು ಕೈಯಲ್ಲೇ ಬರೆದೆ, ಒಂದೇ ಘಟನೆ ಒಂದೇ ಸಾಲಿಗೆ ಬರುವ ಹಾಗೆ. ಮತ್ತಾಯ, ಮಾರ್ಕ, ಲೂಕ ಈ ಮೂವರಲ್ಲೂ ಇರುವುದಕ್ಕೆ ಕೆಂಪು ಪೆನ್ಸಿಲ್, ಒಬ್ಬನಲ್ಲೇ ಇರುವುದಕ್ಕೆ ಹಸಿರು. ಜೆರಾಕ್ಸ್ ಮಾಡಿಸಿ ಅಂಟಿಸಬಹುದಿತ್ತು, ಆದರೆ ಬರೆಯುವಾಗ ಕಣ್ಣು ನಿಧಾನ ಆಗುತ್ತದೆ.

ಆಗ ಕಂಡದ್ದು ಜಾಸ್ತಿ. ಮಾರ್ಕನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಶಿಲುಬೆಗೆ ಹಾಕುತ್ತಾರೆ. ಯೋಹಾನನಲ್ಲಿ ಹೆಚ್ಚುಕಡಿಮೆ ನಡುಹಗಲಾದರೂ ಯೇಸು ಇನ್ನೂ ರೋಮನ್ ಅಧಿಪತಿ ಪಿಲಾತನ ಮುಂದೆ ಇದ್ದಾನೆ. ಉಳಿದ ಮೂವರಲ್ಲಿ ಕುರೇನ್ಯದ ಸೀಮೋನ ಎಂಬವನು ಶಿಲುಬೆ ಹೊರುತ್ತಾನೆ. ಯೋಹಾನನಲ್ಲಿ ಯೇಸುವೇ ಹೊರುತ್ತಾನೆ. ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿದ್ದು ಕೊನೆಯ ಮಾತು. ಮಾರ್ಕನಲ್ಲಿ ಯೇಸು ‘ಯಾಕೆ ನನ್ನನ್ನು ಕೈಬಿಟ್ಟೆ’ ಎಂದು ಕೂಗುತ್ತಾನೆ. ಅದು ಬೈಬಲ್‌ನ ಹಳೆಯ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 22ನೆಯದರ ಆರಂಭ. ಲೂಕನ ಮುಂದೆ ಮಾರ್ಕನ ಸುವಾರ್ತೆ ಇತ್ತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೂ ಲೂಕ ಆ ಕೂಗನ್ನು ಬಿಟ್ಟು, 31ನೇ ಕೀರ್ತನೆಯಿಂದ ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಎಂಬ ಸಾಲು ಇಡುತ್ತಾನೆ. ಇಬ್ಬರ ಯೇಸುವೂ ಸಾಯುವಾಗ ಕೀರ್ತನೆಯನ್ನೇ ಪ್ರಾರ್ಥಿಸುತ್ತಾನೆ, ಆದರೆ ಎರಡರ ದನಿ ಎಷ್ಟು ಬೇರೆ!

ಸುವಾರ್ತೆಗಳ ಮೂಲ ಗ್ರೀಕ್ ಪಠ್ಯದ ಅಡಿಟಿಪ್ಪಣಿಗಳನ್ನೂ ಬಿಡಬೇಡಿ. ಲೂಕನ ‘ತಂದೆಯೇ, ಇವರನ್ನು ಕ್ಷಮಿಸು’ ಎಂಬ ಮಾತು ವ್ಯಾಟಿಕನಸ್ ಎಂಬ ಬೈಬಲ್ ಪ್ರತಿಯಂಥ ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ.

ಇದನ್ನು ಚರ್ಚಿನ ಗೆಳೆಯರಿಗೆ ತೋರಿಸಿದಾಗ ಹಿರಿಯರೊಬ್ಬರು, ‘ಹಾಗಾದ್ರೆ ಒಬ್ಬರು ಸುಳ್ಳು ಬರೆದಿದ್ದಾರಾ ಮಗಾ?’ ಎಂದು ಕೇಳಿದರು. ‘ಇಲ್ಲ ಅಂಕಲ್, ನಾಲ್ವರೂ ಅದೇ ಸಾವನ್ನು ನೋಡಿ ಬೇರೆ ಬೇರೆ ವಿಷಯ ಹೇಳ್ತಿದ್ದಾರೆ. ನಾವು ಎಲ್ಲವನ್ನೂ ಕಲಸಿಬಿಟ್ಟರೆ ಒಬ್ಬರ ಮಾತೂ ಪೂರ್ತಿ ಕೇಳಿಸಲ್ಲ, ಅಲ್ವಾ?’ ಎಂದೆ. ನಂಬಿಕೆಗೆ ಈ ಓದಿನಿಂದ ಧಕ್ಕೆ ಇಲ್ಲ ಅಂತ ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಐದನೇ ಕಾಲಂ ಪೈಗಳದು. ಪ್ರತಿ ಭಾಗದ ಎದುರು ಅದು ಯಾರ ಸುವಾರ್ತೆಗೆ ಹತ್ತಿರ ಎಂದು ಗುರುತು ಹಾಕುತ್ತಾ ಹೋದೆ. ನಾಲ್ವರಲ್ಲಿ ಯಾರಿಗೂ ಹೊಂದದ ಸಾಲುಗಳನ್ನು ಬೇರೆ ಹಾಳೆಗೆ ಎತ್ತಿಕೊಂಡೆ. ಕವಿಯ ಬಗ್ಗೆ ನಾನು ಬರೆಯುತ್ತಿರುವ ಅಧ್ಯಾಯ ಆ ಹಾಳೆಯಿಂದಲೇ ಶುರುವಾಗುತ್ತದೆ.