ಆಪರೇಷನ್ ಟೇಬಲ್‌ವರೆಗೆ ಬಾರದ ಮಕ್ಕಳ ಲೆಕ್ಕ

ಅಮೆರಿಕದ ಮಕ್ಕಳ ಸರ್ಜನ್ ಮೈಕೆಲ್ ಹ್ಯಾರಿಸನ್ ಹೆಸರು ಹೇಳಿದರೆ ನಮ್ಮಂಥ ಮಕ್ಕಳ ಸರ್ಜನ್‌ಗಳಿಗೆ ಮೊದಲು ನೆನಪಾಗುವುದು 1981. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ತಂಡ ತಾಯಿಯ ಗರ್ಭಕೋಶ ತೆರೆದು, ಮಗುವಿಗೆ ಆಪರೇಷನ್ ಮಾಡಿ, ಮತ್ತೆ ಒಳಗಿಟ್ಟು ಹೊಲಿದ ವರ್ಷ ಅದು. ಪಿಜಿ ಓದುವಾಗ ನನ್ನ ಕಣ್ಣಿಗೂ ಅದೇ ದೊಡ್ಡದಾಗಿ ಕಂಡಿತ್ತು. ನಾನು ದಾವಣಗೆರೆ ಕಡೆ ಕೆಲಸಕ್ಕೆ ಸೇರಿದ ಮೇಲೆ ಉಪಯೋಗಕ್ಕೆ ಬಂದಿದ್ದು ಮಾತ್ರ ಅದಕ್ಕೂ ಮೂರು ವರ್ಷ ಮುಂಚೆ, 1978ರಲ್ಲಿ ಅವರು ಬರೆದ ನಾಲ್ಕೇ ಪುಟದ ಲೇಖನ. ಅದರಲ್ಲಿ ಕತ್ತರಿ, ಸೂಜಿ, ದಾರ ಏನೂ ಇಲ್ಲ. ಬರೀ ಸತ್ತ ಮಕ್ಕಳ ಲೆಕ್ಕ.

ಕಾಯಿಲೆ ಯಾವುದೆಂದರೆ ಡಯಾಫ್ರಂ ಹರ್ನಿಯಾ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ಹುಟ್ಟಿನಿಂದಲೇ ಒಂದು ತೂತು. ಕರುಳು, ಕೆಲವೊಮ್ಮೆ ಲಿವರ್ ಕೂಡ ಮೇಲೆ ಹೋಗಿ ಎದೆಯಲ್ಲಿ ಕೂರುತ್ತದೆ. ಶ್ವಾಸಕೋಶಕ್ಕೆ ಬೆಳೆಯಲು ಜಾಗವೇ ಸಿಗುವುದಿಲ್ಲ. ತೂತು ಹೊಲಿಯುವುದು ನಮಗೆ ಕಷ್ಟದ ಕೆಲಸವಲ್ಲ. ಬೆಳೆಯದ ಶ್ವಾಸಕೋಶಕ್ಕೆ ಏನು ಮಾಡುವುದು ಅನ್ನುವುದೇ ಪ್ರಶ್ನೆ.

ಹ್ಯಾರಿಸನ್ ತರಬೇತಿಯ ಒಂದು ಅವಧಿಯನ್ನು ನಾರ್ವೆಯಲ್ಲಿ ಕಳೆದಿದ್ದರು. ಅಲ್ಲಿ ಹುಟ್ಟು-ಸಾವಿನ ದಾಖಲೆ ಅಚ್ಚುಕಟ್ಟು. ಅಲ್ಲಿನ ಸರ್ಜನ್‌ಗಳ ಜೊತೆ ಕೂತು, ಆಸ್ಪತ್ರೆಗೆ ಬಂದ ಮಕ್ಕಳನ್ನಷ್ಟೇ ಅಲ್ಲದೆ, ಬರುವ ಮೊದಲೇ ಹೋದ ಮಕ್ಕಳನ್ನೂ ಲೆಕ್ಕ ಹಾಕಿದರು. ಸರ್ಜನ್ ಕೈಗೆ ಬರುವುದು ಉಸಿರಾಡಿಕೊಂಡು ದಾರಿ ದಾಟಿ ಬಂದ ಗಟ್ಟಿ ಮಕ್ಕಳು ಮಾತ್ರ. ಉಳಿದವು ಹುಟ್ಟಿದ ಊರಲ್ಲೇ ತೀರಿಕೊಳ್ಳುತ್ತವೆ. ಹಾಗಾಗಿ ಆಸ್ಪತ್ರೆ ಹೇಳುವ 'ಇಷ್ಟು ಮಕ್ಕಳು ಬದುಕಿದರು' ಎಂಬ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇದನ್ನು ಓದಿ ನನ್ನ ಹಳೆಯ ಕೇಸ್ ಶೀಟ್‌ಗಳನ್ನು ತೆಗೆದು ನೋಡಿದೆ. ನಾವು ಆಪರೇಷನ್ ಮಾಡಿದ ಹರ್ನಿಯಾ ಮಕ್ಕಳಲ್ಲಿ ಬಹುಪಾಲು ಹುಟ್ಟಿ ಒಂದು ದಿನ ಕಳೆದ ಮೇಲೆ ಬಂದವು. ಮೊದಲ ಒಂದೆರಡು ತಾಸಿನಲ್ಲಿ ಬಂದವು ಇಲ್ಲವೇ ಇಲ್ಲ ಅನ್ನಬಹುದು. ಹಾಗಾದರೆ ಆ ಮಕ್ಕಳು ಎಲ್ಲಿ ಹೋದವು? ಅಲ್ಲಿಂದ ನನ್ನ ಕೆಲಸ ಶುರುವಾಯಿತು.

ನಾರ್ವೆಯ ದಾಖಲೆ ನಮ್ಮಲ್ಲಿ ಎಲ್ಲಿ ಬರಬೇಕು! ನಮ್ಮ ಹತ್ತಿರ ಇದ್ದದ್ದು ಸ್ಕ್ಯಾನಿಂಗ್ ವರದಿ ಮತ್ತು ತಾಯಿ ಕಾರ್ಡ್. ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್ ಗೆಳೆಯರಿಗೆ ಒಂದು ಮಾತು ಹೇಳಿದೆ: ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಹರ್ನಿಯಾ ಅಥವಾ ಕಿಡ್ನಿ ಊತ ಕಂಡರೆ, ಮನೆಯವರು ಒಪ್ಪಿದರೆ, ನನ್ನ ಹತ್ತಿರ ಒಮ್ಮೆ ಮಾತಾಡಲು ಕಳಿಸಿ. ಬಂದವರ ವಿವರವನ್ನು ಒಂದು ದಪ್ಪ ರಿಜಿಸ್ಟರ್‌ನಲ್ಲಿ ಬರೆದೆ. ಕೊನೆಯ ಮುಟ್ಟಿನ ದಿನ, ಹೆರಿಗೆ ದಿನಾಂಕ, ಸ್ಕ್ಯಾನ್‌ನಲ್ಲಿ ಕಂಡದ್ದು, ಆಶಾ ಕಾರ್ಯಕರ್ತೆ ಯಾರು.

ತೊಡಕು ಆಗಿದ್ದು ಫೋನ್ ನಂಬರಿನಲ್ಲಿ. ಸ್ಕ್ಯಾನ್ ಆಗುವುದು ಗಂಡನ ಊರಿನಲ್ಲಿ, ಕಾರ್ಡಿನಲ್ಲಿ ಇರುವುದು ಗಂಡನ ನಂಬರ್. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹುಡುಗಿ ಹೋದಳು ಅಂದರೆ ನಮ್ಮ ಕೈ ತಪ್ಪಿದ ಹಾಗೇ. ಹೆರಿಗೆ ಆಗುವುದು ಇನ್ನೊಂದು ಜಿಲ್ಲೆಯಲ್ಲಿ, ಇನ್ನೊಂದು ಆಸ್ಪತ್ರೆಯಲ್ಲಿ. ಮಗು ಉಳಿಯದಿದ್ದರೆ ಗಂಡನ ಮನೆಯವರು ಆ ವಿಷಯ ಎತ್ತುವುದೇ ಇಲ್ಲ. ಹಾಗಾಗಿ ರಿಜಿಸ್ಟರ್‌ಗೆ ಹೊಸ ಕಾಲಂ ಸೇರಿಸಿದೆ: ತವರಿನ ಊರು, ಹುಡುಗಿಯ ಅಮ್ಮನ ಅಥವಾ ಅಣ್ಣನ ನಂಬರ್. ನನ್ನನ್ನು ಕೇಳಿದರೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಕಾಲಂ ಅದು.

ಹೆರಿಗೆ ದಿನಾಂಕ ಕಳೆದು ಕೆಲವು ವಾರಕ್ಕೆ ಫೋನ್ ಮಾಡುವುದು. 'ಮಗು ಹೇಗಿದೆ' ಅಂತ ಶುರು ಮಾಡಬಾರದು. ಮೊದಲು ತಾಯಿ ಹೇಗಿದ್ದಾಳೆ, ಊಟ ಮಾಡುತ್ತಿದ್ದಾಳಾ ಅಂತ ಕೇಳಬೇಕು. ಆ ಕಡೆಯ ದನಿಯಲ್ಲೇ ಅರ್ಧ ಗೊತ್ತಾಗುತ್ತದೆ. ಹಾವೇರಿ ಕಡೆಯ ಒಬ್ಬ ಅಜ್ಜಿ ಹೇಳಿದ್ದು ಹೀಗೆ: "ಹುಟ್ಟಿ ಒಂದ್ ತಾಸೂ ಇರ್ಲಿಲ್ರೀ ಸರ. ಅಲ್ಲೇ ಮಣ್ಣು ಮಾಡಿ ಬಂದ್ವಿ. ಈಗ್ಯಾಕ ಕೇಳಾಕತ್ತೀರಿ?" ಇಂಥದ್ದೇ ಮಗು ಮತ್ತೊಬ್ಬರ ಮನೆಯಲ್ಲಿ ಹುಟ್ಟುವಾಗ ಅವರಿಗೆ ಏನು ಹೇಳಬೇಕು ಅಂತ ನಮಗೆ ಗೊತ್ತಿರಬೇಕಲ್ಲಮ್ಮಾ, ಅದಕ್ಕೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಬರ್ಕೋರಿ" ಅಂದು ಒಂದೊಂದಾಗಿ ಹೇಳಿದರು. ಅತ್ತಿತಾ, ನೀಲಿ ಆಗಿತ್ತಾ, ಯಾರು ಪಂಪ್ ಒತ್ತಿದರು, ಎಲ್ಲ.

ಆ 'ಪಂಪ್ ಒತ್ತಿದರು' ಅನ್ನುವುದು ಮತ್ತೆ ಮತ್ತೆ ಬರತೊಡಗಿತು. ಉಸಿರು ಬಾರದ ಮಗುವಿಗೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತುವುದು ಎಲ್ಲ ಹೆರಿಗೆ ಕೋಣೆಯಲ್ಲೂ ಕಲಿಸುವ ಪಾಠ, ಸರಿಯಾದ ಪಾಠ. ಹರ್ನಿಯಾ ಮಗುವಿಗೆ ಮಾತ್ರ ಅದು ತಿರುಗುಬಾಣ. ಗಾಳಿ ಹೊಟ್ಟೆಗೂ ಹೋಗುತ್ತದೆ, ಎದೆಯಲ್ಲಿರುವ ಕರುಳು ಉಬ್ಬುತ್ತದೆ, ಇದ್ದಬದ್ದ ಶ್ವಾಸಕೋಶವನ್ನೂ ಅದುಮುತ್ತದೆ. ಆದ್ದರಿಂದ ಕಾಯಿಲೆ ಮೊದಲೇ ಗೊತ್ತಿದ್ದರೆ ನೇರವಾಗಿ ಶ್ವಾಸನಾಳಕ್ಕೆ ಟ್ಯೂಬ್, ಹೊಟ್ಟೆಯ ಗಾಳಿ ತೆಗೆಯಲು ಮೂಗಿನಿಂದ ಇನ್ನೊಂದು ಟ್ಯೂಬ್. ಇಷ್ಟನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಪ್ರಿಂಟ್ ಮಾಡಿ ತಾಯಿ ಕಾರ್ಡಿಗೆ ಪಿನ್ ಹೊಡೆಯುತ್ತೇವೆ. ಸಾಧ್ಯವಾದರೆ ಹೆರಿಗೆಯನ್ನೇ ವೆಂಟಿಲೇಟರ್ ಇರುವ ಕಡೆ ಇಟ್ಟುಕೊಳ್ಳಲು ಒಪ್ಪಿಸುತ್ತೇವೆ. ಆಪರೇಷನ್‌ಗೆ ಆತುರವಿಲ್ಲ. ಮೊದಲು ಉಸಿರು, ರಕ್ತದೊತ್ತಡ ಒಂದು ಹದಕ್ಕೆ ಬರಬೇಕು.

ಕಿಡ್ನಿ ಊತದ ಕಥೆ ಪೂರ್ತಿ ಉಲ್ಟಾ. ಫೋನ್ ಮಾಡಿದರೆ ಜಾಸ್ತಿ ಮನೆಗಳಲ್ಲಿ ಮಗು ಆರಾಮಾಗಿ ಆಡಿಕೊಂಡಿತ್ತು. ಸ್ಕ್ಯಾನ್‌ನಲ್ಲಿ ಕಂಡ ಸಣ್ಣಪುಟ್ಟ ಊತ ಬಹಳಷ್ಟು ಸಲ ತಾನಾಗೇ ಇಳಿಯುತ್ತದೆ. ನಾವು ಸರ್ಜನ್‌ಗಳು ನೋಡುವುದು ಇಳಿಯದೇ ಉಳಿದದ್ದನ್ನು ಮಾತ್ರ, ಅದಕ್ಕೇ ನಮಗೆ ಭಯ ಹೆಚ್ಚು. ಹರ್ನಿಯಾದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅದೃಷ್ಟವಂತರು, ಕಿಡ್ನಿಯಲ್ಲಿ ಅದೃಷ್ಟಹೀನರು. ಎರಡನ್ನೂ ಒಂದೇ ರಿಜಿಸ್ಟರ್‌ನಲ್ಲಿ ಬರೆದಿದ್ದರಿಂದ ಇದು ತಲೆಗೆ ಹೊಳೆಯಿತು. ಈಗ ಸಣ್ಣ ಊತ ಎಂದು ಗಾಬರಿಯಾಗಿ ಬರುವ ದಂಪತಿಗೆ ಒಂದು ಕಪ್ ಚಹಾ ಕುಡಿದು ಹೋಗಿ ಎನ್ನುವ ಧೈರ್ಯ ಬಂದಿದೆ. ಮಗು ಹುಟ್ಟಿದ ಮೇಲೆ ಸ್ಕ್ಯಾನ್ ಮಾಡಿಸುವುದನ್ನು ಮಾತ್ರ ಬಿಡಬೇಡಿ ಅನ್ನುತ್ತೇನೆ.

ಹ್ಯಾರಿಸನ್ ಇಲ್ಲಿಂದ ಮುಂದೆ ಹೋದ ದಾರಿ ನನ್ನ ಕೈಗೆಟುಕುವುದಲ್ಲ. ಆದರೂ ಪಿಜಿಗಳಿಗೆ ಅದನ್ನು ಬಿಡಿಸಿ ಹೇಳುತ್ತೇನೆ. ಲೆಕ್ಕ ಆದ ಮೇಲೆ ಅವರು ಕುರಿಗಳ ಹತ್ತಿರ ಹೋದರು. ಗರ್ಭದಲ್ಲಿರುವ ಕುರಿಮರಿಯ ಎದೆಯಲ್ಲಿ ಬಲೂನ್ ಇಟ್ಟು ಉಬ್ಬಿಸಿದರೆ ಶ್ವಾಸಕೋಶ ಬೆಳೆಯಲಿಲ್ಲ, ಹುಟ್ಟಿದ ಮರಿ ಬದುಕಲಿಲ್ಲ. ದಿನ ತುಂಬುವ ಮೊದಲೇ ಬಲೂನ್ ಇಳಿಸಿದರೆ ಶ್ವಾಸಕೋಶ ಮತ್ತೆ ಬೆಳೆಯಿತು. ಈ ಪ್ರಯೋಗ ಅಚ್ಚಾಗಿದ್ದು 1980ರಲ್ಲಿ. ತಾಯಿಗೆ ಅಪಾಯವಿಲ್ಲ ಎಂದು ತೋರಿಸಲು ಕೋತಿಗಳ ಮೇಲೆ ಪರೀಕ್ಷೆ ಬೇರೆ, ಯಾಕೆಂದರೆ ಕುರಿಯ ಗರ್ಭಕೋಶ ಬಹಳ ಸಾಧು, ಮುಟ್ಟಿದರೂ ಅಷ್ಟಾಗಿ ಹೆರಿಗೆ ನೋವು ಶುರುವಾಗುವುದಿಲ್ಲ. 1981ರ ಆ ಮೊದಲ ಆಪರೇಷನ್ ಮೂತ್ರದ ದಾರಿ ಕಟ್ಟಿದ್ದ ಮಗುವಿಗೆ. ಆ ಮಗು ಉಳಿಯಲಿಲ್ಲ. ಹರ್ನಿಯಾದಲ್ಲಿ ಗೆಲುವು ಸಿಕ್ಕಿದ್ದು 1990ರ ಹೊತ್ತಿಗೆ.

ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆಮೇಲಿನದ್ದನ್ನು ಓದಿ. ಲಿವರ್ ಮೇಲೆ ಹೋಗಿದ್ದ ಮಕ್ಕಳಲ್ಲಿ ಅದನ್ನು ಕೆಳಗೆ ತಂದರೆ ಹೊಕ್ಕುಳಬಳ್ಳಿಯಿಂದ ಬರುವ ರಕ್ತನಾಳ ಮಡಚಿಕೊಳ್ಳುತ್ತಿತ್ತು. ಲಿವರ್ ಕೆಳಗೇ ಇದ್ದ ಮಕ್ಕಳನ್ನು ಹೋಲಿಸಿ ನೋಡಿದರೆ, ಹುಟ್ಟಿದ ಮೇಲೆ ಆಪರೇಷನ್ ಮಾಡಿದರೂ ಫಲಿತಾಂಶ ಅಷ್ಟೇ. 1997ರಲ್ಲಿ ಅದನ್ನೂ ಅವರೇ ಪ್ರಕಟಿಸಿದರು. ಆಮೇಲೆ ಗರ್ಭದಲ್ಲೇ ಮಗುವಿನ ಶ್ವಾಸನಾಳವನ್ನು ತಾತ್ಕಾಲಿಕವಾಗಿ ಮುಚ್ಚಿ ಶ್ವಾಸಕೋಶ ಹಿಗ್ಗಿಸುವ ಉಪಾಯ. ಅದಕ್ಕೂ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 24 ಗರ್ಭಿಣಿಯರು ಸೇರಿದ ಮೇಲೆ ನಿಲ್ಲಿಸಬೇಕಾಯಿತು. ಬದುಕಿದ ಮಕ್ಕಳು ಗರ್ಭದಲ್ಲಿ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ. 73, ಹುಟ್ಟಿದ ಮೇಲೆ ಪಡೆದ ಗುಂಪಿನಲ್ಲಿ ಶೇ. 77. ಇದು 2003ರ ಮಾತು. ತಾನೇ ನಂಬಿ ಮುಂದಿಟ್ಟ ಉಪಾಯ ಹೀಗೆ ಸೋತಿದ್ದನ್ನು ಎಷ್ಟು ಜನ ಅಚ್ಚು ಹಾಕಿಸುತ್ತಾರೆ ಹೇಳಿ! ಅದೇ ಉಪಾಯವನ್ನು ಯುರೋಪಿನ ತಂಡಗಳು ತುಂಬ ಸಣ್ಣ ಶ್ವಾಸಕೋಶದ ಮಕ್ಕಳಿಗೆ ಮಾತ್ರ, ಶ್ವಾಸನಾಳದಲ್ಲಿ ಬಲೂನ್ ಹಾಕಿ ಆಮೇಲೆ ತೆಗೆದು ಮುಂದುವರಿಸಿದವು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮನೆಗೆ ಹೋದ ಮಕ್ಕಳು ಶೇ. 40, ಬಲೂನ್ ಇಲ್ಲದ ಗುಂಪಿನಲ್ಲಿ ಶೇ. 15. ಅವಧಿಗೆ ಮುಂಚಿನ ಹೆರಿಗೆ ಮಾತ್ರ ಹೆಚ್ಚಾಯಿತು. ಯಾವ ಮಗುವಿಗೆ ಎಂದು ಆರಿಸಲು ಸ್ಕ್ಯಾನ್‌ನಲ್ಲಿ ಶ್ವಾಸಕೋಶವನ್ನು ತಲೆಯ ಸುತ್ತಳತೆಗೆ ಹೋಲಿಸುತ್ತಾರಲ್ಲ, ಆ ಅಳತೆ ಬಂದಿದ್ದೂ ಸ್ಯಾನ್ ಫ್ರಾನ್ಸಿಸ್ಕೋದಿಂದಲೇ. ನಮ್ಮ ರಿಜಿಸ್ಟರ್‌ನಲ್ಲಿ ಈಗ ಅದಕ್ಕೂ ಒಂದು ಕಾಲಂ ಇದೆ.

ಇಂಥ ಕೆಲಸ ಶುರು ಮಾಡಬೇಕು ಅಂತ ಬರುವ ಕಿರಿಯರಿಗೆ ನಾನು ಹೇಳುವುದು, ಕಂಪ್ಯೂಟರ್ ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದಲು ಫೋನ್ ಮಾಡುವ ಒಬ್ಬರನ್ನು ಹುಡುಕಿ. ನಮ್ಮಲ್ಲಿ ಆ ಕೆಲಸ ಮಾಡುವುದು ವಾರ್ಡಿನ ಹಿರಿಯ ಸಿಸ್ಟರ್. ಆಶಾ ಅಕ್ಕಂದಿರು ನನಗಿಂತ ಅವರ ಹತ್ತಿರ ಬಿಡಿಸಿ ಮಾತಾಡುತ್ತಾರೆ.

ಈಗ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಮುಚ್ಚಿಕೊಳ್ಳದ ಮಕ್ಕಳಿಗೂ ಬೇರೆ ಪುಸ್ತಕ ತೆರೆದಿದ್ದೇವೆ. ಹ್ಯಾರಿಸನ್ ಜೊತೆ ಕೆಲಸ ಮಾಡಿದ್ದ ಸ್ಕಾಟ್ ಆಡ್ಜಿಕ್ ಮುಂದಾಳಾಗಿದ್ದ 2011ರ ಅಮೆರಿಕದ ಪರೀಕ್ಷೆಯಲ್ಲಿ ಒಂದು ವರ್ಷದೊಳಗೆ ತಲೆಯ ನೀರು ಇಳಿಸಲು ಶಂಟ್ ಎಂಬ ಕೊಳವೆ ಬೇಕಾಗಿದ್ದು, ಗರ್ಭದಲ್ಲೇ ಆಪರೇಷನ್ ಆದವರಲ್ಲಿ ಶೇ. 40, ಹುಟ್ಟಿದ ಮೇಲೆ ಆದವರಲ್ಲಿ ಶೇ. 82. ನಮ್ಮ ಮಕ್ಕಳಿಗೆ ಎಷ್ಟು ಎಂದು ನೋಡಲು ನಾವೂ ಒಂದು ವರ್ಷ ತುಂಬಿದ ಮೇಲೆ ಫೋನ್ ಮಾಡುತ್ತೇವೆ. ಜೊತೆಗೆ ತಾಯಂದಿರಿಗೆ ಇನ್ನೊಂದು ಪ್ರಶ್ನೆ: ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದ್ದು ಮುಟ್ಟು ನಿಂತ ಮೇಲೋ, ಅದಕ್ಕೂ ಮೊದಲೋ? ಇಲ್ಲಿಯವರೆಗೆ ಹೆಚ್ಚಿನವರು ಹೇಳಿದ್ದು, ನಿಂತ ಮೇಲೆ, ಎರಡನೇ ತಿಂಗಳಲ್ಲೋ ಮೂರರಲ್ಲೋ. ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕನೇ ವಾರದೊಳಗೆ.